ಜರ್ಮನರು ಹೋದ ಮೇಲೆ ಗ್ರೀಸ್‌ನಲ್ಲಿ ಆದದ್ದೇನು?

ಹಾಸನದ ಓದುಗ ಮಿತ್ರರಿಗೆ ನಮಸ್ಕಾರ.

ಎರಡನೇ ಮಹಾಯುದ್ಧದಲ್ಲಿ ಜರ್ಮನರು ಆಕ್ರಮಿಸಿದ್ದ ಗ್ರೀಸ್ ಕುರಿತ ನಮ್ಮ ಲೇಖನ ಓದಿ ಬರೆದಿದ್ದೀರಿ. 'ಜರ್ಮನರ ವಿರುದ್ಧ ಒಟ್ಟಿಗೆ ಹೋರಾಡಿದವರು, ಅವರು ಹೋದ ಎರಡೇ ತಿಂಗಳಿಗೆ ಒಬ್ಬರನ್ನೊಬ್ಬರು ಕೊಂದರಲ್ಲ, ಇದು ಸಿದ್ಧಾಂತದ ಹುಚ್ಚಲ್ಲದೆ ಇನ್ನೇನು? ಇಲ್ಲಾ ಬ್ರಿಟಿಷರು ಹಚ್ಚಿದ ಬೆಂಕಿಯೋ?' ಅನ್ನುವುದು ನಿಮ್ಮ ಪ್ರಶ್ನೆ. ಎರಡೂ ಇತ್ತು. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಅಲ್ಲಿನ ಜನರಿಗೆ ಅನ್ಯಾಯ ಮಾಡಿದಂತಾಗುತ್ತದೆ.

ಮೊದಲು 'ಒಟ್ಟಿಗೆ' ಅನ್ನುವ ಮಾತು ನೋಡೋಣ. 1942ರ ನವೆಂಬರ್‌ನಲ್ಲಿ ಗೋರ್ಗೊಪೊಟಮೋಸ್ ರೈಲು ಸೇತುವೆ ಉಡಾಯಿಸುವಾಗ ಎಡಪಂಥೀಯರ ಎಲಾಸ್ ಪಡೆ, ಅದರ ಎದುರಾಳಿ ಎಡೆಸ್ ಪಡೆ ಮತ್ತು ಬ್ರಿಟಿಷರು ನಿಜಕ್ಕೂ ಜೊತೆಗಿದ್ದರು. ಮರುವರ್ಷವೇ ಎಲಾಸ್ ಮತ್ತು ಎಡೆಸ್ ಪರಸ್ಪರ ಗುಂಡು ಹಾರಿಸುತ್ತಿದ್ದವು. ಜರ್ಮನರ ಬಂದೂಕು ಹಿಡಿದ ಗ್ರೀಕರ 'ಭದ್ರತಾ ಪಡೆ'ಗಳೂ ಹುಟ್ಟಿದ್ದವು. ಕೆಲವರು ಕಮ್ಯುನಿಸ್ಟರ ಭಯಕ್ಕೆ ಸೇರಿದರು, ಕೆಲವರು ಹೊಟ್ಟೆಪಾಡಿಗೆ. ಹಳ್ಳಿಗಳ ಹಳೆಯ ಜಗಳಗಳೂ ಇದರೊಳಗೆ ಸೇರಿಕೊಂಡವು. ಅಂದರೆ ಅಂತರ್ಯುದ್ಧದ ಬೀಜ ಬಿದ್ದದ್ದು ಜರ್ಮನರು ಇದ್ದಾಗಲೇ.

1944ರ ಅಕ್ಟೋಬರ್ 12ರಂದು ಜರ್ಮನರು ಅಥೆನ್ಸ್ ಬಿಟ್ಟರು. ಹೊಸ ಸರ್ಕಾರದಲ್ಲಿ ಎಡಪಂಥೀಯ ಮಂತ್ರಿಗಳೂ ಇದ್ದರು. ಜಗಳ ಶುರುವಾದದ್ದು ಬಂದೂಕಿನ ಮೇಲೆ. ಎಲಾಸ್ ಶಸ್ತ್ರ ಕೆಳಗಿಡಬೇಕು, ಆದರೆ ರಾಜನಿಗೆ ನಿಷ್ಠವಾದ ಬ್ರಿಗೇಡ್ ಹಾಗೇ ಇರಬೇಕು ಅಂದರೆ ಯಾರು ಒಪ್ಪುತ್ತಾರೆ? ಮಂತ್ರಿಗಳು ರಾಜೀನಾಮೆ ಕೊಟ್ಟರು. ಡಿಸೆಂಬರ್ 3ರಂದು ಅಥೆನ್ಸಿನ ಸಿಂಟಗ್ಮಾ ಚೌಕದಲ್ಲಿ ಪ್ರದರ್ಶನಕ್ಕೆ ಬಂದವರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಒಂದು ತಿಂಗಳಿಗೂ ಜಾಸ್ತಿ ಬೀದಿಬೀದಿಯಲ್ಲಿ ಕಾಳಗ ನಡೆಯಿತು; ಒಂದು ಕಡೆ ಎಲಾಸ್, ಇನ್ನೊಂದು ಕಡೆ ಸರ್ಕಾರ ಮತ್ತು ಅದರ ಬೆಂಬಲಕ್ಕೆ ನಿಂತ ಬ್ರಿಟಿಷರು. ಬ್ರಿಟಿಷರ ಕಡೆ ನಿಂತವರಲ್ಲಿ ನಮ್ಮ ನಾಲ್ಕನೇ ಇಂಡಿಯನ್ ಡಿವಿಷನ್ನಿನ ಸಿಪಾಯಿಗಳೂ ಇದ್ದರು. ಎಡಪಂಥೀಯರೂ ಸಾವಿರಾರು ಜನರನ್ನು ಒತ್ತೆಯಾಳಾಗಿ ಒಯ್ದು ಹಲವರನ್ನು ಕೊಂದರು. ಅದನ್ನು ಮುಚ್ಚಿಡಬಾರದು.

ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ತಪ್ಪಾದದ್ದು ಆಮೇಲೆ. 1945ರ ಫೆಬ್ರುವರಿಯಲ್ಲಿ ವಾರ್ಕಿಜಾ ಒಪ್ಪಂದವಾಯಿತು. ಎಲಾಸ್ ಶಸ್ತ್ರ ಒಪ್ಪಿಸಿತು. ಬದಲಿಗೆ ಕ್ಷಮಾದಾನ ಸಿಕ್ಕಿತು, ಆದರೆ ರಾಜಕೀಯ ಅಪರಾಧಗಳಿಗೆ ಮಾತ್ರ. ಸಾಮಾನ್ಯ ಅಪರಾಧಗಳು ಹೊರಗೆ. ಈ ಒಂದು ಸಂದಿ ಸಾಕಾಯಿತು. ಜರ್ಮನರ ಕಾಲದಲ್ಲಿ ದ್ರೋಹಿಯೊಬ್ಬನನ್ನು ಹೊಡೆದವನ ಮೇಲೆ ಕೊಲೆ ಕೇಸು, ಪಡೆಗಾಗಿ ಧಾನ್ಯ ಎತ್ತಿದವನ ಮೇಲೆ ದರೋಡೆ ಕೇಸು. ಜರ್ಮನರಿಗೆ ದುಡಿದವರು ಬಹುಪಾಲು ಆರಾಮಾಗಿ ಉಳಿದುಕೊಂಡರು. ಬಲಪಂಥೀಯ ಗುಂಪುಗಳು ಹಳ್ಳಿಗಳಲ್ಲಿ ಎಡಪಂಥೀಯರನ್ನು ಬೇಟೆಯಾಡಿದವು. ಬಂದೂಕು ಒಪ್ಪಿಸಿದವನಿಗೆ ಕಾನೂನು ರಕ್ಷಣೆ ಕೊಡದಿದ್ದರೆ ಅವನು ಮತ್ತೆ ಬೆಟ್ಟ ಹತ್ತುತ್ತಾನೆ ಅಲ್ವಾ? 1946ರಲ್ಲಿ ಹಾಗೇ ಆಯಿತು. ಆ ವರ್ಷದ ಚುನಾವಣೆ ಬಹಿಷ್ಕರಿಸಿದ್ದು ಮಾತ್ರ ಎಡಪಂಥೀಯರ ಸ್ವಂತ ತಪ್ಪು.

ಉಳಿದದ್ದು ನಿಮಗೆ ಗೊತ್ತೇ ಇದೆ. 1947ರಲ್ಲಿ ಅಮೆರಿಕದ ಅಧ್ಯಕ್ಷ ಟ್ರೂಮನ್ ಗ್ರೀಕ್ ಸರ್ಕಾರಕ್ಕೆ ಹಣ, ಶಸ್ತ್ರ ಕಳಿಸಿದರು. ಸ್ಟಾಲಿನ್ ಜೊತೆ ಮುನಿಸಿಕೊಂಡ ಯುಗೊಸ್ಲಾವಿಯಾದ ನಾಯಕ ಟಿಟೊ, ಎಡಪಂಥೀಯ ಬಂಡುಕೋರರಿಗೆ ಆಸರೆಯಾಗಿದ್ದ ತಮ್ಮ ದೇಶದ ಗಡಿಯನ್ನು 1949ರಲ್ಲಿ ಮುಚ್ಚಿದರು. ಅದೇ ಆಗಸ್ಟ್‌ನಲ್ಲಿ ಗ್ರಾಮೋಸ್ ಬೆಟ್ಟಗಳಲ್ಲಿ ಎಡಪಂಥೀಯರು ಸೋತು ಎಲ್ಲ ಮುಗಿಯಿತು.

ಹೊಡೆದಾಟ ನಿಂತರೂ ಕಾಟ ನಿಲ್ಲಲಿಲ್ಲ. ಮಾಕ್ರೊನಿಸೋಸ್ ದ್ವೀಪದ ಶಿಬಿರದಲ್ಲಿ ಎಡಪಂಥೀಯ ಕೈದಿಗಳನ್ನು ಹಿಂಸಿಸಿ, ಕಮ್ಯುನಿಸಂ ತೊರೆದೆ ಅನ್ನುವ 'ಪಶ್ಚಾತ್ತಾಪ ಪತ್ರ'ಕ್ಕೆ ಸಹಿ ಹಾಕಿಸುತ್ತಿದ್ದರು. ಹೀಗೆ ಬರೆಸಿಕೊಂಡ ಪತ್ರಗಳು ಊರಿನ ಚರ್ಚ್‌ನಲ್ಲಿ ಎಲ್ಲರೆದುರು ಓದಲ್ಪಡುತ್ತಿದ್ದವು, ಪತ್ರಿಕೆಗಳಲ್ಲಿ ಅಚ್ಚಾಗುತ್ತಿದ್ದವು. ಸರ್ಕಾರಿ ಕೆಲಸಕ್ಕೆ, ಪಾಸ್‌ಪೋರ್ಟಿಗೆ, ಡ್ರೈವಿಂಗ್ ಲೈಸೆನ್ಸಿಗೂ 'ಇವರ ವಿಚಾರಗಳು ಸರಿ ಇವೆ' ಅನ್ನುವ ಪೊಲೀಸ್ ಪ್ರಮಾಣಪತ್ರ ಬೇಕಿತ್ತು. ಅಪ್ಪ ಎಲಾಸ್‌ನಲ್ಲಿದ್ದ ಅಂತ ಮಗನಿಗೆ ಕೆಲಸವಿಲ್ಲ. ಇದು 1974ರವರೆಗೆ ನಡೆಯಿತು.

ಕೊನೆಗೆ 'ಇಂಥದ್ದನ್ನೆಲ್ಲ ಮರೆತುಬಿಡುವುದೇ ಮೇಲಲ್ಲವೇ?' ಎಂದಿದ್ದೀರಿ. 1989ರಲ್ಲಿ ಬಲ ಮತ್ತು ಎಡ ಪಕ್ಷಗಳು ಸೇರಿ ನಡೆಸಿದ ಸರ್ಕಾರ ಹಾಗೇ ಯೋಚಿಸಿ, ನಾಗರಿಕರ ಮೇಲಿನ ಪೊಲೀಸ್ ಕಡತಗಳನ್ನು ಉಕ್ಕಿನ ಕುಲುಮೆಗೆ ಹಾಕಿ ಸುಟ್ಟಿತು. ಇತಿಹಾಸಕಾರರು ಬೇಡವೆಂದರು. ನಾನೂ ಅವರ ಕಡೆಗೇ. ಆ ಕಡತಗಳಲ್ಲಿ ಯಾರು ಯಾರ ಮೇಲೆ ಚಾಡಿ ಹೇಳಿದರು, ಯಾವ ಅಧಿಕಾರಿ ಯಾರ ಬದುಕು ಹಾಳುಮಾಡಿದ ಅನ್ನುವುದೆಲ್ಲ ಇತ್ತು. ತೊಂದರೆ ಅನುಭವಿಸಿದವರಿಗೆ ತಮ್ಮ ಕಡತ ತೆರೆದು ಓದುವ ಹಕ್ಕು ಕೊಡಬೇಕಿತ್ತು.

— ಸಂಪಾದಕ