ಗೇಮ್ ಒಂದ್ಕಡೆ, ಸೇವ್ ಫೈಲ್ ಇನ್ನೊಂದ್ಕಡೆ: ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ಸರ್, ಹಳೇ ಕಂಪ್ಯೂಟರ್‌ನ ಡಿ ಡ್ರೈವ್‌ನಲ್ಲಿದ್ದ ಜಿಟಿಎ ಸ್ಯಾನ್ ಆಂಡ್ರಿಯಾಸ್ ಫೋಲ್ಡರ್ ಪೂರ್ತಿ ಪೆನ್‌ಡ್ರೈವ್‌ಗೆ ಹಾಕ್ಕೊಂಡು ಹೊಸ ಲ್ಯಾಪ್‌ಟಾಪ್‌ಗೆ ತಂದೆ. ಗೇಮ್ ಓಪನ್ ಆಗ್ತಿದೆ, ಆದ್ರೆ ಲೋಡ್ ಗೇಮ್‌ನಲ್ಲಿ ಏನೂ ಇಲ್ಲ. ಗೇಮ್‌ನಲ್ಲಿರೋ ಲಾಸ್ ವೆಂಚುರಾಸ್ ಊರಿನ ತನಕ ಆಡಿದ್ದೆ. ಎಲ್ಲಾ ಹೋಯ್ತಾ?
- ಓದುಗರು, ದಾವಣಗೆರೆ

ಉತ್ತರ: ಹಳೇ ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿಲ್ಲ ಅಂದ್ರೆ ಏನೂ ಹೋಗಿಲ್ಲ, ಅದಕ್ಕೆ ಮೊದಲು ಅದನ್ನ ಯಾರಿಗೂ ಕೊಟ್ಬಿಡಬೇಡಿ. ಈ ಗೇಮ್ ಪಿಸಿಗೆ ಬಂದಿದ್ದು 2005ರಲ್ಲಿ. ನೀವು ಅದನ್ನ ಡಿ ಡ್ರೈವ್‌ನಲ್ಲಿ ಇನ್‌ಸ್ಟಾಲ್ ಮಾಡಿದ್ರೂ ಸೇವ್ (ನೀವು ಎಲ್ಲಿ ತನಕ ಆಡಿದ್ರಿ ಅನ್ನೋದು ಇರೋ ಫೈಲ್) ಅಲ್ಲಿಗೆ ಹೋಗಲ್ಲ, ನಿಮ್ಮ ಯೂಸರ್ ಹೆಸರಿನ ಡಾಕ್ಯುಮೆಂಟ್ಸ್ ಒಳಗೆ ‘ಜಿಟಿಎ ಸ್ಯಾನ್ ಆಂಡ್ರಿಯಾಸ್ ಯೂಸರ್ ಫೈಲ್ಸ್’ ಅಂತ ಬೇರೇನೇ ಒಂದು ಫೋಲ್ಡರ್ ಇರತ್ತೆ, ಎಲ್ಲಾ ಅದರಲ್ಲೇ. ತೆಗೆದು ನೋಡಿದ್ರೆ ಡಾಟ್ ಬಿ ಅಂತ ಮುಗಿಯೋ ಫೈಲ್‌ಗಳು ಕಾಣತ್ತೆ, ಗೇಮ್‌ನಲ್ಲಿ 8 ಸ್ಲಾಟ್ ಇದಾವಲ್ಲ, ಯಾವ ಸ್ಲಾಟ್‌ನಲ್ಲಿ ಸೇವ್ ಮಾಡಿದ್ರೋ ಆ ನಂಬರ್ ಫೈಲ್ ಹೆಸರಲ್ಲೇ ಇರತ್ತೆ. ಅವನ್ನ ಹೊಸ ಲ್ಯಾಪ್‌ಟಾಪ್‌ನಲ್ಲಿ ಅದೇ ಹೆಸರಿನ ಫೋಲ್ಡರ್‌ಗೆ ಹಾಕಿ, ಅಷ್ಟೇ.

ಹೊಸ ಲ್ಯಾಪ್‌ಟಾಪ್‌ನಲ್ಲಿ ಒಂದು ತಕರಾರು ಬರಬಹುದು. ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಡಾಕ್ಯುಮೆಂಟ್ಸ್ ಅನ್ನೋದೇ ಒನ್‌ಡ್ರೈವ್ (ಮೈಕ್ರೋಸಾಫ್ಟ್‌ನ ಆನ್‌ಲೈನ್ ಸಂಗ್ರಹ) ಫೋಲ್ಡರ್ ಒಳಗಡೆ ಹೋಗಿ ಕೂತಿರತ್ತೆ, ಆಗ ಡಾಕ್ಯುಮೆಂಟ್ಸ್ ಹೆಸರಿನ ಫೋಲ್ಡರ್ ಎರಡು ಸಿಗತ್ತೆ, ನೀವು ಒಂದರಲ್ಲಿ ಹಾಕಿರ್ತೀರ, ಗೇಮ್ ಇನ್ನೊಂದರಲ್ಲಿ ಹುಡುಕ್ತಾ ಇರತ್ತೆ. ಇದಕ್ಕೆ ಸುಲಭದ ದಾರಿ ಅಂದ್ರೆ ಹೊಸ ಗೇಮ್ ಶುರು ಮಾಡಿ ಒಂದ್ಸಲ ಸೇವ್ ಮಾಡಿ, ಆ ಹೊಸ ಫೈಲ್ ಎಲ್ಲಿ ಬಂತು ನೋಡ್ಕೊಂಡು ಹಳೇದನ್ನ ಅಲ್ಲೇ ಹಾಕಿ. ಹಾಗೇ ಇದೇ ಗೇಮ್‌ನ ಹೊಸ ರೂಪವಾಗಿ 2021ರಲ್ಲಿ ಬಂದ ಡೆಫಿನಿಟಿವ್ ಎಡಿಷನ್‌ನಲ್ಲಿ ಈ ಹಳೇ ಸೇವ್ ನಡೆಯಲ್ಲ, ಅದಕ್ಕೆ ಹಾಕೋಕೆ ಹೋಗಿ ಟೈಮ್ ಹಾಳು ಮಾಡ್ಕೋಬೇಡಿ.

ಪ್ರಶ್ನೆ: ಅದೇ ಗೇಮ್, ಮೌಸ್ ಅಲ್ಲಾಡ್ತಾನೇ ಇಲ್ಲ. ಸೆಟ್ಟಿಂಗ್ಸ್ ಏನೇನೋ ಬದಲಾಯಿಸಿದ್ದೆ. ನೀರೊಳಗೆ ಈಜೋದೂ ತುಂಬಾ ನಿಧಾನ ಆಗಿದೆ. ಮತ್ತೆ ಇನ್‌ಸ್ಟಾಲ್ ಮಾಡ್ಲಾ?
- ವಿದ್ಯಾರ್ಥಿ, ಹಾಸನ

ಉತ್ತರ: ಬೇಡಪ್ಪ. ಇನ್‌ಸ್ಟಾಲ್ ಮಾಡಿದ್ರೂ ಡಾಕ್ಯುಮೆಂಟ್ಸ್‌ನಲ್ಲಿರೋ ಹಳೇ ಸೆಟ್ಟಿಂಗ್ಸ್ ಫೈಲ್ ಹಾಗೇ ಉಳಿಯತ್ತೆ, ತೊಂದ್ರೆನೂ ಹಾಗೇ ಇರತ್ತೆ. ಮೇಲೆ ಹೇಳಿದ ಯೂಸರ್ ಫೈಲ್ಸ್ ಫೋಲ್ಡರ್‌ನಲ್ಲೇ ಡಾಟ್ ಸೆಟ್ ಅಂತ ಮುಗಿಯೋ ಒಂದೇ ಒಂದು ಫೈಲ್ ಇದೆ, ಗೇಮ್ ಮುಚ್ಚಿ ಅದನ್ನ ಡಿಲೀಟ್ ಮಾಡು, ಮುಂದಿನ ಸಲ ಗೇಮ್ ಅದನ್ನ ಹೊಸದಾಗಿ ಮಾಡ್ಕೊಳತ್ತೆ. ಮೌಸ್ ಸಮಸ್ಯೆ ಸಾಮಾನ್ಯವಾಗಿ ಇದರಲ್ಲೇ ಹೋಗತ್ತೆ. ರೆಸಲ್ಯೂಷನ್, ಕಂಟ್ರೋಲ್ಸ್ ಮಾತ್ರ ಮತ್ತೆ ಇಡ್ಬೇಕು. ಆದ್ರೆ ಡಾಟ್ ಬಿ ಫೈಲ್‌ಗಳನ್ನ ಮುಟ್ಬೇಡ, ಸೆಟ್ಟಿಂಗ್ಸ್ ಫೈಲ್ ಹೋದ್ರೆ ಎರಡು ನಿಮಿಷದ ಕೆಲಸ, ಸೇವ್ ಹೋದ್ರೆ ನೀನು ಆಡಿದ್ದೆಲ್ಲಾ ಹೋಯ್ತು.

ಈಜೋದು ನಿಧಾನ ಆಗಿದ್ರೆ ಫ್ರೇಮ್ ಲಿಮಿಟರ್ (ಸೆಕೆಂಡಿಗೆ ಎಷ್ಟು ಫ್ರೇಮ್, ಅಂದ್ರೆ ಚಿತ್ರ, ತೋರಿಸ್ಬೇಕು ಅಂತ ಮಿತಿ ಇಡೋ ಆಪ್ಷನ್) ಆಫ್ ಮಾಡಿದ್ಯಾ ನೋಡು. ಆಪ್ಷನ್ಸ್‌ನಲ್ಲಿ ಡಿಸ್‌ಪ್ಲೇ ಸೆಟಪ್, ಅದರೊಳಗೆ ಅಡ್ವಾನ್ಸ್‌ಡ್. ಅದು ಆನ್ ಇದ್ರೆ ಸೆಕೆಂಡಿಗೆ 25ರ ಹತ್ತಿರ ಫ್ರೇಮ್ ಬರತ್ತೆ, ಈಗಿನ ಕಣ್ಣಿಗೆ ಅದು ಕಮ್ಮಿ ಅನ್ಸತ್ತೆ ನಿಜ, ಆದ್ರೆ ಗೇಮ್‌ನ ಓಟ ಈಜು ಎಲ್ಲಾ ಆ ವೇಗಕ್ಕೇ ಹೊಂದಿಸಿರೋದ್ರಿಂದ ಫ್ರೇಮ್ ಜಾಸ್ತಿ ಆದ ಹಾಗೆ ಕೆಲವು ಕಡೆ ಲೆಕ್ಕ ತಪ್ಪತ್ತೆ. ಆನ್ ಇಟ್ಟೇ ಆಡು. ಲ್ಯಾಪ್‌ಟಾಪ್ ತಡೆದು ತಡೆದು ಓಡ್ತಿದ್ರೆ ಅಲ್ಲೇ ಆ್ಯಂಟಿ ಅಲಿಯಾಸಿಂಗ್ (ಚಿತ್ರದ ಅಂಚು ನಯ ಮಾಡೋದು) ಆಫ್ ಮಾಡಿ ವಿಷುವಲ್ ಎಫ್‌ಎಕ್ಸ್ ಕ್ವಾಲಿಟಿ ಕಮ್ಮಿ ಮಾಡು.

ಪ್ರಶ್ನೆ: ಮಗಳು ಸ್ಟಾರ್‌ಡ್ಯೂ ವ್ಯಾಲಿ ಅನ್ನೋ ಬೇಸಾಯದ ಗೇಮ್ ಆಡ್ತಾಳೆ. ಸೇವ್ ಆಗೋವಾಗ ಕರೆಂಟ್ ಹೋಯ್ತು, ಈಗ ಅವಳ ಫಾರ್ಮ್ ಲೋಡ್ ಆಗ್ತಿಲ್ಲ. ಎರಡು ದಿನದಿಂದ ಸಪ್ಪೆ ಮುಖ ಮಾಡ್ಕೊಂಡಿದಾಳೆ.
- ಓದುಗರು, ಶಿರಸಿ

ಉತ್ತರ: ಮೇಡಂ, ಮಗಳಿಗೆ ಧೈರ್ಯ ಹೇಳಿ, ಒಂದು ದಿನ ಹಿಂದಿನ ಫಾರ್ಮ್ ಸಿಗೋ ಸಾಧ್ಯತೆ ಚೆನ್ನಾಗಿದೆ. ವಿಂಡೋಸ್ ಕೀ ಜೊತೆ ಆರ್ ಒತ್ತಿ, ಬರೋ ಚಿಕ್ಕ ಬಾಕ್ಸ್‌ನಲ್ಲಿ ಆ್ಯಪ್‌ಡೇಟಾ ಅಂತ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ, ಹಿಂದೆ ಮುಂದೆ ಪರ್ಸೆಂಟ್ ಚಿಹ್ನೆ ಹಾಕಿ ಎಂಟರ್ ಕೊಡಿ. ಆ ಫೋಲ್ಡರ್ ವಿಂಡೋಸ್ ಬಚ್ಚಿಟ್ಟಿರತ್ತೆ, ಅದಕ್ಕೇ ಸುಮ್ನೆ ಹುಡುಕಿದ್ರೆ ಸಿಗಲ್ಲ. ಅಲ್ಲಿ ಸ್ಟಾರ್‌ಡ್ಯೂ ವ್ಯಾಲಿ, ಅದರೊಳಗೆ ಸೇವ್ಸ್, ಅದರೊಳಗೆ ಮಗಳು ಇಟ್ಟ ಹೆಸರು ಮತ್ತೆ ಒಂದು ದೊಡ್ಡ ನಂಬರ್ ಇರೋ ಫೋಲ್ಡರ್. ಏನೇ ಮಾಡೋ ಮುಂಚೆ ಆ ಫೋಲ್ಡರ್‌ನ ಒಂದು ಕಾಪಿ ಡೆಸ್ಕ್‌ಟಾಪ್‌ನಲ್ಲಿ ಇಟ್ಕೊಳ್ಳಿ, ಇದನ್ನ ಬಿಡ್ಲೇಬೇಡಿ.

ಒಳಗೆ ಮುಖ್ಯವಾಗಿ ಎರಡು ಫೈಲ್: ಒಂದಕ್ಕೆ ಫೋಲ್ಡರ್‌ನದ್ದೇ ಹೆಸರು, ಇನ್ನೊಂದು ಸೇವ್ ಗೇಮ್ ಇನ್ಫೋ. ಇವೆರಡರದ್ದೂ ಹೆಸರಿನ ಕೊನೆಗೆ ಓಲ್ಡ್ ಅಂತ ಇರೋ ಹಿಂದಿನ ದಿನದ ಕಾಪಿ ಇರತ್ತೆ. ಓಲ್ಡ್ ಇಲ್ಲದ ಎರಡನ್ನೂ ತೆಗೆದುಹಾಕಿ, ಓಲ್ಡ್ ಇರೋ ಎರಡರ ಹೆಸರಿಂದ ಆ ಪದ ಮತ್ತೆ ಅದರ ಹಿಂದಿನ ಅಡಿಗೆರೆ ಅಳಿಸಿ ಗೇಮ್ ಓಪನ್ ಮಾಡಿ. ಸ್ಟೀಮ್‌ನಲ್ಲಿ (ಗೇಮ್ ಕೊಳ್ಳೋ ಆನ್‌ಲೈನ್ ಅಂಗಡಿ) ಆಡ್ತಿದ್ರೆ ಕ್ಲೌಡ್‌ದು, ಅಂದ್ರೆ ಆನ್‌ಲೈನ್‌ನಲ್ಲಿರೋ ಕಾಪಿ, ಬೇಕಾ ಕಂಪ್ಯೂಟರ್‌ದು ಬೇಕಾ ಅಂತ ಕೇಳಬಹುದು, ಆಗ ನೀವು ಈಗ ಸರಿ ಮಾಡಿರೋ ಕಂಪ್ಯೂಟರ್‌ದನ್ನೇ ಆರಿಸಿ. ಈ ಗೇಮ್ ಸೇವ್ ಆಗೋದು ಪಾತ್ರ ರಾತ್ರಿ ಮಲಗಿದಾಗ ಮಾತ್ರ, ಹಾಗಾಗಿ ಕರೆಂಟ್ ಹೋಗೋ ಹೊತ್ತಲ್ಲಿ ಅವಳು ಆ ದಿನ ಮುಗಿಸಿ ಹೊಸ ಬೆಳಗಾದ್ಮೇಲೇ ಗೇಮ್ ನಿಲ್ಲಿಸ್ಲಿ.