ಕಾರವಾರದಲ್ಲಿ ಹಳೆ ಮಾರುತಿ 800 ತಗೊಂಡ್ರೆ ಮೊದ್ಲು ಎಲ್ಲಿಗೆ ಕೈ ಹಾಕ್ಬೇಕು?

ನೀವು ಕೇಳಿದ್ದು ಇಷ್ಟು: 2004ರ ಮಾರುತಿ 800 ತಗೊಂಡಿದೀರಿ, ಮನೆ ಕಾರವಾರದಲ್ಲಿ, ವಾರ ಬಿಟ್ಟು ವಾರ ಶಿರಸಿಗೆ ಹೋಗಿ ಬರ್ಬೇಕು, ಕೈಲಿ ಇಪ್ಪತ್ತು ಸಾವಿರ ಇದೆ, ಅಲಾಯ್ ವ್ಹೀಲ್, 100 ವ್ಯಾಟ್ ಬಲ್ಬು, ಮ್ಯೂಸಿಕ್ ಸಿಸ್ಟಮ್ ಹಾಕ್ಸೋ ಆಸೆ, ಸಣ್ಣಪುಟ್ಟ ರಿಪೇರಿ ಮನೇಲೇ ಮಾಡ್ಕೋಬೇಕು, ಎಲ್ಲಿಂದ ಶುರು ಮಾಡ್ಲಿ ಅಂತ. ನಂದೂ ಅದೇ ಗಾಡಿ, 2003ರದ್ದು, ಅಪ್ಪ ಶಿರಸಿಲಿ ತಗೊಂಡಿದ್ದು, ಕೆಎ-31. ಅವ್ರು ಹನ್ನೆರಡು ವರ್ಷ ಓಡ್ಸಿದ್ರು, ಆಮೇಲೆ ನನ್ ಜೊತೆ ಕಾರವಾರಕ್ಕೆ ಬಂತು. ಅಲಾಯ್ ವಿಷ್ಯ ಸದ್ಯಕ್ಕೆ ಬಿಡಿ. ಮೊದ್ಲು ಕಾರ್ಪೆಟ್ ಎತ್ತಿ.

ನಿಜ ಹೇಳ್ತೀನಿ, ಶಿರಸಿಲಿ ಹನ್ನೆರಡು ವರ್ಷದಲ್ಲಿ ಹಿಡೀದಿದ್ದ ತುಕ್ಕು ಇಲ್ಲಿ ಎರಡೇ ಮಳೆಗಾಲಕ್ಕೆ ಹಿಡೀತು. ಶಿರಸಿ ಕಡೆ ಮಳೆ ಕಮ್ಮಿ ಅಂತ ಅಲ್ಲ, ಅಲ್ಲೂ ಹೊಯ್ಯತ್ತೆ, ಆದ್ರೆ ಬಿಸಿಲು ಬಿದ್ಮೇಲೆ ಗಾಡಿ ಒಣಗತ್ತೆ. ಇಲ್ಲಿ ಗಾಳಿಲೇ ಉಪ್ಪು, ಆ ಉಪ್ಪು ತಗಡಿನ ಮೇಲೆ ಕೂತು ಗಾಳಿಲಿರೋ ಪಸೆನ ಎಳ್ಕೋತಾ ಇರತ್ತೆ, ಅದ್ಕೆ ರಾತ್ರಿ ಮಳೆ ಇಲ್ದಿದ್ರೂ ಲೋಹ ಒದ್ದೆನೇ, ಮೇಲಿಂದ ಉಪ್ಪುನೀರಲ್ಲಿ ಕರೆಂಟ್ ಸಲೀಸಾಗಿ ಹರಿಯೋದ್ರಿಂದ ತುಕ್ಕು ಹಿಡಿಯೋ ಕೆಲ್ಸ ಬೇಗ ಬೇಗ ಆಗತ್ತೆ. ಹೈವೇಲಿ ಮೀನಿನ ಲಾರಿ ಹಿಂದೆ ಹೋಗೋವಾಗ ಸುರಿಯೋ ನೀರೂ ಅದೇ ಜಾತಿದು, ದೂರ ಇಟ್ಕೊಂಡು ಹೋಗಿ.

ಕಾರ್ಪೆಟ್ ಎತ್ತಿದ್ರೆ ಮುಂದಿನ ಎಡಗಡೆ ಸೀಟಿನ ಕಾಲಡಿ ಕೈ ಒತ್ತಿ ನೋಡಿ. ಕೆಳಗಿನ ಫೆಲ್ಟು ಒದ್ದೆ ಇದ್ರೆ ಹೆಚ್ಚಾಗಿ ನೀರು ಮೇಲಿಂದ ಬರ್ತಿದೆ ಅಂತ ಅರ್ಥ. ನಂದ್ರಲ್ಲಿ ವೈಪರ್ ಬುಡದ ಜಾಲರಿ ಒಳಗೆ ಮಾವಿನೆಲೆ ಕೊಳೆತು ನೀರು ಹೋಗೋ ದಾರಿ ಕಟ್ಟಿತ್ತು, ಗಾಡಿ ಮರದಡಿಗೆ ನಿಲ್ಸೋ ಎಲ್ಲರಿಗೂ ಇದು ಆಗೋದೇ. ಎಲೆ ತೆಗ್ದು, ಮಗ್ಗಿಂದ ನೀರು ಹೊಯ್ದು, ಅದು ಕೆಳಗೆ ಎಲ್ಲಿಂದ ಬೀಳತ್ತೆ ಅಂತ ಬಗ್ಗಿ ನೋಡಿ. ಆಮೇಲೆ ನಾಲ್ಕೂ ಬಾಗಿಲಿನ ಅಡಿ ಅಂಚಲ್ಲಿ ಸಣ್ಣ ತೂತು ಇರತ್ತೆ, ಗಾಜಿನ ರಬ್ಬರ್ ಪಕ್ಕದಿಂದ ಇಳಿದ ಮಳೆನೀರು ಹೊರಗೆ ಹೋಗೋದೇ ಅಲ್ಲಿಂದ, ಅದಕ್ಕೆ ಕೆಂಪು ಮಣ್ಣು ಮೆತ್ಕೊಂಡಿದ್ರೆ ಬಾಗಿಲು ಒಳಗಿಂದನೇ ಕೊಳೆಯತ್ತೆ. ಒಂದು ತಂತಿ ಸಾಕು, ಐದು ನಿಮಿಷದ ಕೆಲ್ಸ, ಒಂದು ರೂಪಾಯಿ ಖರ್ಚಿಲ್ಲ, ಆದ್ರೂ ಯಾರೂ ಮಾಡಲ್ಲ ಅನ್ನೋದೇ ನಂಗೆ ಬೇಜಾರು.

ತುಕ್ಕಿನ ಕೆಲ್ಸ ಜನವರಿ-ಫೆಬ್ರವರಿಲಿ ಇಟ್ಕೊಳ್ಳಿ, ಒಣ ಹವೆ ಇರೋವಾಗ. ಸ್ಕ್ರೂಡ್ರೈವರ್ ತುದಿಯಿಂದ ಚುಚ್ಚಿ ನೋಡಿ, ಮೇಲ್ಮೈ ತುಕ್ಕು ಆದ್ರೆ ವೈರ್ ಬ್ರಷ್, ಎಮರಿ ಪೇಪರ್ ಹಾಕಿ ಹೊಳೆಯೋ ತಗಡು ಕಾಣೋವರೆಗೂ ತಿಕ್ಕಿ, ಸಿಹಿನೀರಲ್ಲಿ ಒರೆಸಿ, ಪೂರ್ತಿ ಒಣಗಿಸಿ, ಎಪಾಕ್ಸಿ ಪ್ರೈಮರ್ (ಪೇಂಟಿನ ಅಡಿಗೆ ತುಕ್ಕು ತಡೆಯೋ ಕೋಟು) ಎರಡು ಕೈ, ಅದ್ರ ಮೇಲೆ ಪೇಂಟು. ಚುಚ್ಚಿದಾಗ ಒಳಗೆ ಹೋದ್ರೆ ಅದು ಟಿಂಕರ್ ಕೆಲ್ಸ, ಕೊಳೆತಿದ್ದು ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿಸ್ಬೇಕು, ವೆಲ್ಡಿಂಗ್‌ಗೆ ಮೊದ್ಲು ಬ್ಯಾಟರಿ ಕನೆಕ್ಷನ್ ಬಿಚ್ಚಿಸಿ, ನಿಮ್ಮದು ಎಂಪಿಎಫ್ಐ ಗಾಡಿ, ಅಂದ್ರೆ ಪೆಟ್ರೋಲನ್ನ ಇಂಜೆಕ್ಟರಿಂದ ಬಿಡೋದು, ಅದನ್ನ ನಡೆಸೋ ಇಸಿಯು ಅನ್ನೋ ಕಂಪ್ಯೂಟರ್ ಇದೆ, ವೆಲ್ಡಿಂಗ್ ಕರೆಂಟಿಗೆ ಹಾಳಾಗಬಹುದು. ಜ್ಯಾಕ್ ಕೊಡೋ ಜಾಗ, ಸೀಟ್ ಬೆಲ್ಟ್ ಬೋಲ್ಟ್ ಸುತ್ತ, ಸಸ್ಪೆನ್ಶನ್ ಕೂರೋ ಜಾಗ, ಇಲ್ಲೆಲ್ಲಾ ಪುಟ್ಟಿ ಮೆತ್ತೋಕೆ ಯಾರಿಗೂ ಬಿಡ್ಬೇಡಿ. ಕೆಳಗಡೆ ಕಪ್ಪು ಅಂಡರ್‌ಕೋಟಿಂಗ್‌ನ ತುಕ್ಕಿನ ಮೇಲೇ ಹೊಡೆದು ಮಾರೋರೂ ಇದಾರೆ, ಒಳಗೆ ಪಸೆ ಸಿಕ್ಕಾಕ್ಕೊಂಡು ಮೊದ್ಲಿಗಿಂತ ಬೇಗ ತಿನ್ನತ್ತೆ. ನಮ್ ಕಡೆ ಕೆಲವ್ರು ಬಳಸಿದ ಎಂಜಿನ್ ಆಯಿಲ್ ಅಡಿಗೆ ಸವರ್ತಾರೆ, ದೋಣಿಗೆ ಗೇರೆಣ್ಣೆ ಹಚ್ಚಿದ ಹಾಗೆ. ದೋಣಿ ಮರದ್ದು. ಗಾಡಿಲಿ ಸಸ್ಪೆನ್ಶನ್ ಕೀಲುಗಳಲ್ಲಿ ರಬ್ಬರ್ ಬುಷ್ ಇದೆ, ಎಣ್ಣೆಗೆ ಊದ್ಕೊಂಡು ಹಾಳಾಗತ್ತೆ, ಮೇಲಿಂದ ಮಳೆಗೆ ತೊಳೆದು ಬಾವಿಗೆ ಹೋಗತ್ತೆ, ದಯವಿಟ್ಟು ಬೇಡ.

ಎರಡನೇದು ಅರ್ಥಿಂಗ್, ಅಂದ್ರೆ ಬ್ಯಾಟರಿ ನೆಗೆಟಿವ್ ವೈರು ಬಾಡಿಗೆ, ಎಂಜಿನ್ನಿಗೆ ಸೇರೋ ಕನೆಕ್ಷನ್. ಒಂದು ಜುಲೈಲಿ ನನ್ ಗಾಡಿ ಬೆಳಿಗ್ಗೆ ಟಕ್ ಟಕ್ ಅಂತ ಬರೀ ಸದ್ದು, ಸ್ಟಾರ್ಟ್ ಇಲ್ಲ. ಒಂದು ಗ್ಯಾರೇಜಲ್ಲಿ ಬ್ಯಾಟರಿ ಹೊಸದು ಹಾಕ್ಸಿದ್ರು, ಎಂಟು ದಿನಕ್ಕೆ ಮತ್ತೆ ಅದೇ ಕಥೆ, ಸೆಲ್ಫ್ ಮೋಟರ್ ಬದಲಾಯಿಸ್ಬೇಕು ಅಂದ್ರು. ಆವತ್ತು ಮನೆಗೆ ಬಂದು ಮಲ್ಟಿಮೀಟರ್ (ವೋಲ್ಟೇಜ್ ಅಳೆಯೋ ಮೀಟರ್) ಹಿಡಿದೆ. ಒಂದು ಕಡ್ಡಿ ಬ್ಯಾಟರಿ ನೆಗೆಟಿವ್ ಕಂಬಕ್ಕೆ, ಇನ್ನೊಂದು ಎಂಜಿನ್ ಬ್ಲಾಕಿಗೆ ಇಟ್ಟು ಹೆಂಡತಿಗೆ ಸೆಲ್ಫ್ ಹೊಡಿ ಅಂದೆ, ಅರ್ಧ ವೋಲ್ಟ್ ಒಳಗೆ ಇರ್ಬೇಕಾಗಿದ್ದು ಎರಡರ ಮೇಲೆ ತೋರಿಸ್ತು. ನೆಗೆಟಿವ್ ವೈರು ಬಾಡಿಗೆ, ಗೇರ್‌ಬಾಕ್ಸಿಗೆ ಕೂರೋ ಕಡೆ ಬೋಲ್ಟ್ ಅಡಿಗೆ ಹಸಿರು ಪುಡಿ. ಬಿಚ್ಚಿ, ತಿಕ್ಕಿ, ಹೊಸ ವೈರ್ ಹಾಕಿ, ಬಿಗಿ ಮಾಡಿದ್ಮೇಲೆ ಮೇಲಿಂದ ವ್ಯಾಸಲಿನ್ ಸವರಿದೆ, ಇವತ್ತಿಗೂ ಅದೇ ಸೆಲ್ಫ್ ಮೋಟರ್ ಓಡ್ತಿದೆ. ಆ ಮೀಟರ್ ನಾನೂರೈನೂರಕ್ಕೆ ಸಿಗತ್ತೆ, ಮೊದ್ಲು ಅದು ತಗೊಳ್ಳಿ. ಗಾಡಿ ನಿಂತಾಗ 12.6 ವೋಲ್ಟ್ ಹತ್ರ, ಸ್ಟಾರ್ಟ್ ಇದ್ದಾಗ 13.8ರಿಂದ 14.5 ಒಳಗೆ ಇದ್ರೆ ಬ್ಯಾಟರಿ, ಅದನ್ನ ಚಾರ್ಜ್ ಮಾಡೋ ಆಲ್ಟರ್ನೇಟರ್ ಎರಡೂ ಹೆಚ್ಚಾಗಿ ಸರಿ ಇದೆ.

ನಿಮ್ಮ 100 ವ್ಯಾಟ್ ಬಲ್ಬಿನ ಉತ್ತರಾನೂ ಇದ್ರಲ್ಲೇ ಇದೆ. ಶಿರಸಿ ದಾರಿಲಿರೋ ದೇವಿಮನೆ ಘಾಟಲ್ಲಿ ಮಂಜು ಮುಸುಕಿದ ರಾತ್ರಿ ಲೈಟು ಸಾಲಲ್ಲ ಅನ್ನೋದು ನಂಗೂ ಗೊತ್ತು. ಆದ್ರೆ ಬೆಳಕು ಕಮ್ಮಿ ಆಗಿದ್ದು ಬಲ್ಬಿಂದಲ್ಲ, ಇಪ್ಪತ್ತು ವರ್ಷದ ವೈರು, ಸವೆದ ಸ್ವಿಚ್ಚು ದಾಟಿ ಬಲ್ಬಿಗೆ ಸೇರೋಷ್ಟರಲ್ಲಿ ವೋಲ್ಟೇಜ್ ಇಳಿದಿರತ್ತೆ, ವೋಲ್ಟೇಜ್ ಶೇಕಡಾ 10 ಇಳಿದ್ರೆ ಬೆಳಕು ಹೆಚ್ಚುಕಮ್ಮಿ ಶೇಕಡಾ 30 ಇಳಿಯತ್ತೆ. ಬ್ಯಾಟರಿಯಿಂದ ಫ್ಯೂಸ್ ಹಾಕಿ ನೇರ ದಪ್ಪ ವೈರು, ಎರಡು ರಿಲೇ (ಸಣ್ಣ ಕರೆಂಟಿಂದ ದೊಡ್ಡ ಕರೆಂಟ್ ಆನ್ ಮಾಡೋ ಸ್ವಿಚ್ಚು), ಹಳೆ ವೈರು ರಿಲೇಗೆ ಸಿಗ್ನಲ್ ಕೊಡೋಕೆ ಮಾತ್ರ. ಅದೇ 60/55 ವ್ಯಾಟ್ (ಹೈ ಬೀಮ್/ಲೋ ಬೀಮ್) ಬಲ್ಬಲ್ಲೇ ರಸ್ತೆ ಕಾಣತ್ತೆ. 100 ವ್ಯಾಟ್ ಎರಡು ಬಲ್ಬಂದ್ರೆ 16-17 ಆಂಪಿಯರ್, ಹಳೆ ಸ್ವಿಚ್ ಮೇಲೆ ಅಷ್ಟು ಹಾಯಿಸಿದ್ರೆ ಹೋಲ್ಡರ್ ಕರಗತ್ತೆ, ಎದುರಿಂದ ಬರೋರಿಗೆ ಕಣ್ಣು ಕುಕ್ಕೋದು ಬೇರೆ.

ಬ್ರೇಕ್ ವಿಷ್ಯದಲ್ಲಿ ಮಾತ್ರ ಒಬ್ರೇ ಕಲಿಯೋಕೆ ಹೋಗ್ಬೇಡಿ. ಬ್ರೇಕ್ ಫ್ಲೂಯಿಡ್ ಯಾವಾಗ ಬದಲಾಯಿಸಿದ್ದು ಅಂತ ಹಳೆ ಮಾಲೀಕ್ರನ್ನ ಕೇಳಿ, ಗೊತ್ತಿಲ್ಲ ಅಂದ್ರೆ ಈ ವಾರನೇ ಗೊತ್ತಿರೋ ಮೆಕ್ಯಾನಿಕ್ ಕೈಲಿ ಪೂರ್ತಿ ಬದಲಾಯಿಸಿ ಬ್ರೇಕ್ ಪೈಪಲ್ಲಿರೋ ಗಾಳಿ ತೆಗೆಸಿ, ಪಕ್ಕದಲ್ಲಿ ನಿಂತು ನೋಡಿ. ಡಾಟ್ 3 ಅನ್ನೋ ದರ್ಜೆಯ ಫ್ಲೂಯಿಡ್ ಹೊಸದಿದ್ದಾಗ 205 ಡಿಗ್ರಿವರೆಗೂ ಕುದಿಯಲ್ಲ, ಪಸೆ ಹೀರಿದ್ಮೇಲೆ ಅದು 140ಕ್ಕೆ ಇಳಿಯತ್ತೆ. ಘಾಟಿಳಿಯೋವಾಗ ಬ್ರೇಕ್ ಮೇಲೇ ಕಾಲಿಟ್ಕೊಂಡು ಬಂದ್ರೆ ಒಳಗೆ ಕುದ್ದು ಆವಿ ಆಗಿ ಪೆಡಲ್ ನೆಲಕ್ಕೆ ಹೋಗತ್ತೆ. ಎರಡು ವರ್ಷಕ್ಕೊಮ್ಮೆ ಬದಲಾಯಿಸಿ, ಇಳಿಯೋವಾಗ ಸೆಕೆಂಡ್ ಗೇರ್.

ಇನ್ನೊಂದು, ಗಾಡಿ ಕೆಳಗೆ ಹೋಗೋ ಕೆಲ್ಸಕ್ಕೆ ಜ್ಯಾಕ್ ಸ್ಟ್ಯಾಂಡ್ (ಎತ್ತಿದ ಗಾಡಿನ ಹೊತ್ತು ನಿಲ್ಲೋ ಕಬ್ಬಿಣದ ಕಾಲು) ಎರಡು ಬೇಕೇ ಬೇಕು. ನಮ್ಮಲ್ಲಿ ಎಲ್ಲರೂ ಚಿರೆಕಲ್ಲು (ಜಂಬಿಟ್ಟಿಗೆ ಕಲ್ಲು) ಕೊಡ್ತಾರೆ, ಅಂಗಳದಲ್ಲಿ ಇರೋದು ಅದೇ ಅಲ್ವಾ. ಚಿರೆಕಲ್ಲು ಭಾರಕ್ಕೆ ಯಾವಾಗ ಸೀಳತ್ತೆ ಅಂತ ಹೇಳೋಕಾಗಲ್ಲ, ಮಳೆಗಾಲ ಕಳೆದ ಮಣ್ಣಿನ ಅಂಗಳದಲ್ಲಿ ಜ್ಯಾಕೂ ಹೂಳತ್ತೆ, ಅಡಿಗೆ ದಪ್ಪ ಹಲಗೆ ಇಡಿ.

ಆಯಿಲ್, ಏರ್ ಫಿಲ್ಟರ್, ಪ್ಲಗ್, ಕೂಲಂಟ್ ಇವೆಲ್ಲ ಆರಾಮಾಗಿ ಮನೇಲಿ ಮಾಡ್ಕೋಬಹುದು, ಮೂರು ಸಿಲಿಂಡರಿನ 796 ಸಿಸಿ ಎಂಜಿನ್, 10, 12, 14 ನಂಬರ್ ಪಾನಾ ಇದ್ರೆ ಮುಕ್ಕಾಲು ಕೆಲ್ಸ ಆಯ್ತು. ರೇಡಿಯೇಟರಿಗೆ ಬಾವಿ ನೀರು ಹಾಕ್ಬೇಡಿ, ಡಿಸ್ಟಿಲ್ಡ್ ವಾಟರ್ ಮತ್ತು ಕೂಲಂಟ್ ಸಮ ಸಮ. ಗಾಡಿ ಬರೋದು 2014ರ ಜನವರಿಗೇ ನಿಂತ್ರೂ ಪಾರ್ಟ್ಸಿಗೆ ನಂಗೆ ಇಲ್ಲಿವರೆಗೂ ತೊಂದ್ರೆ ಆಗಿಲ್ಲ.

ಹೊರಗಿನ ಮಾಡಿಫಿಕೇಶನ್ ಮಾಡೋ ಮೊದ್ಲು ಒಂದು ನೆನಪಿರ್ಲಿ, 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಸ್ಪೆಸಿಫಿಕೇಶನ್ ಬದಲಾಯಿಸೋ ಹಾಗಿಲ್ಲ, ಬಣ್ಣ ಬದಲಾಯಿಸಿದ್ರೂ ಆರ್‌ಸಿಲಿ ಬರೆಸ್ಬೇಕು. ನಿಮ್ಮದು 15 ವರ್ಷ ದಾಟಿದ ಗಾಡಿ, ಐದು ವರ್ಷಕ್ಕೊಮ್ಮೆ ರಿನ್ಯೂವಲ್‌ಗೆ ಆರ್‌ಟಿಓ ಮುಂದೆ ನಿಲ್ಲಿಸ್ಲೇಬೇಕು, ಆರ್‌ಸಿ ಯಾವಾಗಿನವರೆಗೂ ಇದೆ ಅಂತ ಇವತ್ತೇ ನೋಡಿ. ಮ್ಯೂಸಿಕ್ ಸಿಸ್ಟಮ್ ಹಾಕ್ಸಿ, ಘಾಟಲ್ಲಿ ಜೊತೆ ಬೇಕು, ಆದ್ರೆ ಕಾರ್ಪೆಟ್ ಅಡಿ ಒಣಗಿದ್ಮೇಲೆ. ಎತ್ತಿ ನೋಡಿದಾಗ ಏನು ಕಂಡಿತು ಅಂತ ಇಲ್ಲೇ ಫೋಟೋ ಸಮೇತ ಹಾಕಿ, ಟಿಂಕರ್ ಕೆಲ್ಸನೋ ಬ್ರಷ್ ಕೆಲ್ಸನೋ ನೋಡಿ ಹೇಳ್ತೀನಿ.