ಅಜ್ಜಿಯ ಚಿತ್ರದ ಬಂಗಾರ ಕೆರೆದು ನೋಡೋದಾ?

ಪ್ರಶ್ನೆ: ಮೇಡಂ, ನಾವಿರೋದು ಮುಂಬಯಿ ಹತ್ತಿರದ ಡೊಂಬಿವ್ಲಿಯಲ್ಲಿ. ಅಜ್ಜಿ ಮದುವೆಯಾಗಿ ಬರುವಾಗ ಮೈಸೂರಿನಿಂದ ತಂದ ರಾಮ ಪಟ್ಟಾಭಿಷೇಕದ ಚಿತ್ರ ನಮ್ಮ ದೇವರ ಮನೆಯಲ್ಲಿದೆ. 60 ಮಳೆಗಾಲ ಕಳೆದರೂ ಅದರ ಬಂಗಾರ ಹಾಗೇ ಇದೆ. ನಾನು 4 ವರ್ಷದ ಹಿಂದೆ ಕೊಂಡ ಲಕ್ಷ್ಮಿಯ ಕಿರೀಟ ಮಾತ್ರ ಆಗಲೇ ಕಪ್ಪಾಗಿದೆ. ಅಜ್ಜಿಯದು ಅಸಲಿ ಚಿನ್ನವಾ? ಸ್ವಲ್ಪ ಕೆರೆದು ಝವೇರಿ ಬಜಾರಿನ ಚಿನ್ನದಂಗಡಿಯಲ್ಲಿ ತೋರಿಸೋಣ ಅಂತಾರೆ ಮಾವ. ಇನ್ನೊಂದು, ದೇವರ ಚಿತ್ರಕ್ಕೆ ಬಂಗಾರವೇ ಯಾಕೆ ಬೇಕಿತ್ತು? ಹಳದಿ ಬಣ್ಣ ಸಾಲುತ್ತಿರಲಿಲ್ವಾ?

ಉತ್ತರ: ಮೊದಲು ಮಾವನ ಕೈಯಿಂದ ಬ್ಲೇಡ್ ಕಿತ್ತುಕೊಳ್ಳಿ. ಆಮೇಲೆ ಮುಂದೆ ಓದಿ.

ಚಿತ್ರ ಕಣ್ಣಾರೆ ನೋಡದೆ ಗ್ಯಾರಂಟಿ ಕೊಡಲಾರೆ, ಆದರೆ ಈ ಊರಿನ ಇಷ್ಟು ಮಳೆಗಾಲ ಕಂಡೂ ಕಪ್ಪಾಗಿಲ್ಲ ಅಂದರೆ ಅದು ಚಿನ್ನದ ರೇಕೇ, ಅಂದರೆ ಚಿನ್ನದ ತೆಳು ಹಾಳೆಯೇ ಇರಬೇಕು. ಗಾಳಿ, ತೇವ ಯಾವುದೂ ಚಿನ್ನವನ್ನು ಕೆಡಿಸುವುದಿಲ್ಲ. ಈಜಿಪ್ಟಿನ ದೊರೆ ಟುಟಾಂಖಾಮನ್‌ನ ಚಿನ್ನದ ಮುಖವಾಡ 3,200ಕ್ಕೂ ಹೆಚ್ಚು ವರ್ಷ ಸಮಾಧಿಯಲ್ಲಿದ್ದು ಹೊಳೆಯುತ್ತಲೇ ಹೊರಬಂತು. ದೇವರ ಮೈ ಚಿನ್ನದ್ದು ಅಂತ ಆ ಈಜಿಪ್ಟಿನವರು ನಂಬಿದ್ದರಲ್ಲಿ ಆಶ್ಚರ್ಯವೇನು? ನಾವೂ ಲಕ್ಷ್ಮಿಯ ಶ್ರೀಸೂಕ್ತವನ್ನು 'ಹಿರಣ್ಯವರ್ಣಾಂ', ಅಂದರೆ ಚಿನ್ನದ ಬಣ್ಣದವಳು ಅಂತಲೇ ಶುರು ಮಾಡುತ್ತೇವಲ್ಲ. ನಿಮ್ಮ ಹೊಸ ಲಕ್ಷ್ಮಿಗೆ ಹಚ್ಚಿದ್ದು ಬಹುಶಃ ತಾಮ್ರ, ಸತು ಬೆರೆತ ಹಾಳೆ, ಅಂದರೆ ಹಿತ್ತಾಳೆ. ದೀಪದ ಕಂಬವಾದರೆ ಹುಣಸೆಹಣ್ಣು ಹಾಕಿ ತಿಕ್ಕಬಹುದಿತ್ತು, ಪಾಪ.

ಇನ್ನು ಕೆರೆದರೆ ಸಿಗೋದು ಎಷ್ಟು? ಬಡಿದು ಬಡಿದು ತೆಳುವಾಗಿಸಿದ ರೇಕು ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಪಾಲಿನಷ್ಟಿರುತ್ತದೆ. 1 ಗ್ರಾಂ ಚಿನ್ನ ಸುಮಾರು ಅರ್ಧ ಚದರ ಮೀಟರ್ ಮುಚ್ಚುತ್ತದೆ. ಕೆಲಸ ಕಲಿಯುವಾಗ ನಾನೊಮ್ಮೆ ಮರೆತು ಫ್ಯಾನ್ ಹಾಕಿದೆ, ರೇಕು ಹಾರಿ ಗುರುಗಳ ಕನ್ನಡಕಕ್ಕೆ ಅಂಟಿಕೊಂಡಿತು, ಅವತ್ತು ಅವರು ಏನಂದರು ಅಂತ ಇಲ್ಲಿ ಬರೆಯೋ ಹಾಗಿಲ್ಲ. ಒರೆಗಲ್ಲಿಗೆ ತಿಕ್ಕುವಷ್ಟೂ ಸಿಗಲ್ಲ, ಚಿತ್ರ ಮಾತ್ರ ಹಾಳಾಗುತ್ತದೆ.

ಹಳದಿ ಯಾಕೆ ಸಾಲದು ಅನ್ನೋದಕ್ಕೆ ಒಂದು ಕೆಲಸ ಮಾಡಿ. ರಾತ್ರಿ ಟ್ಯೂಬ್‌ಲೈಟ್ ಆರಿಸಿ, ಒಂದೇ ಎಣ್ಣೆದೀಪ ಹಚ್ಚಿ, ಚಿತ್ರದ ಮುಂದೆ ಕೆಳಗೆ ಕೂತು ನೋಡಿ. ಹಳದಿ, ಕೆಂಪು, ಹಸಿರು ಎಲ್ಲ ಮಂಕಾಗುತ್ತವೆ. ಕಿರೀಟ, ಸರ, ಸೆರಗಿನ ಜರಿ ಮಾತ್ರ ಉಳಿಯುತ್ತವೆ. ನೀವು ತಲೆ ಸ್ವಲ್ಪ ವಾಲಿಸಿದರೆ ಹೊಳಪೂ ಜಾಗ ಬದಲಿಸುತ್ತದೆ, ದೀಪ ಅಲುಗಿದರೆ ರಾಮನ ಎದೆಯ ಹಾರವೇ ಅಲುಗಿದ ಹಾಗೆ. ಮೈಸೂರಿನವರು ಬಿಳಿ ಪುಡಿ, ಗೋಂದು ಕಲಸಿ ನೂಲಿನಷ್ಟು ಸಣ್ಣಗೆ ಉಬ್ಬು ಗೆರೆ ಎಳೆದು, ಅದರ ಮೇಲೆ ರೇಕು ಕೂರಿಸುತ್ತಿದ್ದದ್ದು ಇದಕ್ಕೇ. ಈ ಶೈಲಿ ಅರಳಿದ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮನೆ ಮನೆಯಲ್ಲಿ ಟ್ಯೂಬ್‌ಲೈಟ್ ಎಲ್ಲಿತ್ತು? ತಂಜಾವೂರಿನವರ ಉಬ್ಬು ಇನ್ನೂ ದಪ್ಪ, ಮೇಲೆ ಕಲ್ಲು ಬೇರೆ. ನನಗೆ ಅದು ಸ್ವಲ್ಪ ಜಾಸ್ತಿಯಾಯಿತು ಅನ್ನಿಸುತ್ತದೆ, ತಂಜಾವೂರಿನವರು ಬೈದರೆ ಬೈಯಲಿ. ಇಟಲಿಯ ರವೆನ್ನಾದ ಚರ್ಚುಗಳಲ್ಲೂ ಗಾಜಿನೊಳಗೆ ಚಿನ್ನದ ರೇಕಿಟ್ಟ ಚೂರುಗಳನ್ನು ಓರೆಯಾಗಿ ಜೋಡಿಸಿದ್ದಾರೆ. ದೀಪದ ಬೆಳಕು ಹಿಡಿಯೋಕೆ.

ಇದನ್ನು ಒಪ್ಪದವರೂ ಇದ್ದರು. ಚಿತ್ರಕಲೆಯ ಬಗ್ಗೆ ಪುಸ್ತಕ ಬರೆದ ಇಟಲಿಯ ಆಲ್ಬರ್ಟಿ 1435ರಲ್ಲೇ, ಚಿನ್ನ ಹಚ್ಚಬೇಡಿ, ಬಣ್ಣದಲ್ಲೇ ಚಿನ್ನದ ಹೊಳಪು ತರುವವನೇ ಜಾಣ ಅಂದ. ನಮ್ಮ ರವಿವರ್ಮ ಮಾಡಿದ್ದೂ ಅದನ್ನೇ. ಅವನ ಹೆಂಗಸರ ಮೈಮೇಲಿನ ಒಡವೆಯೆಲ್ಲ ಬರೀ ಎಣ್ಣೆಬಣ್ಣ. ಆದರೆ 1894ರಲ್ಲಿ ಅವನು ಮುಂಬಯಿಯಲ್ಲಿ ಪ್ರೆಸ್ ಶುರು ಮಾಡಿ ಅಚ್ಚು ಹಾಕಿಸಿದ ದೇವರ ಪಟಗಳನ್ನು ಕೊಂಡ ಜನ ಏನು ಮಾಡಿದರು ಗೊತ್ತಾ? ಲಕ್ಷ್ಮಿಯ ಸೀರೆಗೆ ನಿಜವಾದ ಜರಿ ಅಂಟಿಸಿದರು, ಮಣಿ, ಚಮಕಿ ಹಚ್ಚಿದರು. ಎಷ್ಟೇ ಚೆನ್ನಾಗಿ ಬರೆದಿದ್ದರೂ ದೀಪದೆದುರು ಮಿನುಗದ ದೇವರು ಅವರಿಗೆ ಹಿಡಿಸಲಿಲ್ಲ.

ಅಜ್ಜಿಯ ಚಿತ್ರವನ್ನು ಒದ್ದೆ ಬಟ್ಟೆಯಲ್ಲಿ ಒರೆಸಲೇಬೇಡಿ, ಗೋಂದು ಕರಗಿ ಉಬ್ಬೆಲ್ಲ ಕಿತ್ತು ಬರುತ್ತದೆ. ಗಾಜು ಹಾಕಿಸಿದ್ದರೆ ಗಾಜನ್ನಷ್ಟೇ ಒರೆಸಿ. ಗಾಜಿಲ್ಲದಿದ್ದರೆ ಮೆತ್ತನೆಯ ಒಣ ಬ್ರಷ್ ಸಾಕು. ಗೋಡೆ ಒಸರುತ್ತಿದ್ದರೆ ಹಿಂದೆ ಎರಡು ಕಾರ್ಕ್ ತುಂಡು ಇಟ್ಟು ತೂಗುಹಾಕಿ, ಗಾಳಿಯಾಡಲಿ. ಕಪ್ಪಾದ ಲಕ್ಷ್ಮಿಗೆ ಈ ಕೆಲಸ ಬಲ್ಲವರ ಹತ್ತಿರ ಹೊಸ ರೇಕು ಕೂರಿಸಬಹುದು, ಆದರೆ ಈ ಸಲ ಎಷ್ಟು ಕ್ಯಾರೆಟ್ಟಿನ ರೇಕು ಅಂತ ಬಿಲ್‌ನಲ್ಲಿ ಬರೆಸಿಕೊಳ್ಳಿ.